ಪೀಪಾಯಿಗೊರಗಿದ ತಾತ

ಅಲ್ರೀ, ಹೋಟೆಲೊಂದು ತನ್ನ ಬೋರ್ಡಿನ ಚಿತ್ರ ಬದಲಾಯಿಸಿತು ಅಂತ ದೇಶಕ್ಕೆ ದೇಶವೇ ರಂಪ ಎಬ್ಬಿಸಿದ್ದನ್ನು ಎಲ್ಲಾದರೂ ಕೇಳಿದ್ದೀರಾ? 2025ರ ಆಗಸ್ಟಿನಲ್ಲಿ ಅಮೆರಿಕದವರು ಎಬ್ಬಿಸಿದರು. ಕ್ರ್ಯಾಕರ್ ಬ್ಯಾರಲ್ ಅಂತ ಹೋಟೆಲು. ಒಂದಲ್ಲ, ಆರುನೂರಕ್ಕೂ ಹೆಚ್ಚು ಕಡೆ ಇದೆ. ಅದರ ಬೋರ್ಡಿನಲ್ಲಿ ಕುರ್ಚಿ ಹಾಕಿಕೊಂಡು, ಪಕ್ಕದ ಪೀಪಾಯಿ ಮೇಲೆ ಕೈ ಊರಿಕೊಂಡು ಕೂತ ತಾತ ಒಬ್ಬನಿದ್ದ. ಕಂಪನಿಯವರಿಗೆ ಏನು ತೋಚಿತೋ, ತಾತನನ್ನೂ ಪೀಪಾಯಿಯನ್ನೂ ಎತ್ತಂಗಡಿ ಮಾಡಿ ಬರೀ ಹೆಸರು ಬರೆಸಿದರು. ತಗೊಳ್ಳಿ, ಶುರುವಾಯಿತು! ನಮ್ಮ ಹಳ್ಳಿತನವನ್ನೇ ಅಳಿಸುತ್ತಿದ್ದಾರೆ, ಪ್ಯಾಟೆಯ ನಾಜೂಕಿನವರಿಗೆ ನಮ್ಮನ್ನು ಕಂಡರೆ ಆಗೋದಿಲ್ಲ ಅಂತ ಹುಯಿಲೋ ಹುಯಿಲು. ಷೇರು ಬೆಲೆ ಬಿತ್ತು. ಟ್ರಂಪ್ ಸಾಹೇಬರೂ ಬಿಡುವು ಮಾಡಿಕೊಂಡು, ಹಳೆಯದನ್ನೇ ಹಾಕಿ ಅಂತ ಬುದ್ಧಿ ಹೇಳಿದರು. ವಾರ ತುಂಬುವ ಹೊತ್ತಿಗೆ ತಾತ ವಾಪಸು ಬಂದು ಪೀಪಾಯಿ ಪಕ್ಕ ಕೂತ.

ನಾವು ಮಗಳ ಮನೆಗೆ ಹೋದಾಗ ಹೆದ್ದಾರಿ ಪಕ್ಕದಲ್ಲಿ ಇಂಥದ್ದೊಂದಕ್ಕೆ ಅಳಿಯ ಕರೆದುಕೊಂಡು ಹೋಗಿದ್ದ. ಜಗಲಿ ತುಂಬ ತೂಗುಕುರ್ಚಿ. ಸುಮ್ಮನೆ ಕೂತು ತೂಗಬಹುದು. ಇಷ್ಟವಾದರೆ ಬೆಲೆಚೀಟಿ ನೋಡಿ ಕೊಂಡುಕೊಳ್ಳಲೂಬಹುದು. ಬಾಗಿಲ ಮೇಲೆ ಎತ್ತಿನ ನೊಗ, ಕುದುರೆ ಲಾಳ. ಒಳಗೆ ಬೆಂಕಿಗೂಡಿನ ಮೇಲೆ ಜಿಂಕೆ ತಲೆ. ಶೌಚಾಲಯದ ಬಾಗಿಲಲ್ಲಿ ಒಂದು ಟ್ರಾಫಿಕ್ ದೀಪ, ಯಾಕೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ಯಾವ ಊರಿನ ಕ್ರ್ಯಾಕರ್ ಬ್ಯಾರಲ್‌ಗೆ ಹೋದರೂ ಇದೇ ನೊಗ, ಇದೇ ಲಾಳ, ಇದೇ ದೀಪವಂತೆ. ಟೆನೆಸಿಯ ಲೆಬನನ್ ಅನ್ನುವ ಊರಲ್ಲಿ ಕಂಪನಿಯ ದೊಡ್ಡ ಉಗ್ರಾಣವಿದೆ. ಹಳೆ ಕುಡುಗೋಲು, ಗರಗಸ, ತಗಡಿನ ಡಬ್ಬಿ ಎಲ್ಲ ಅಲ್ಲಿಂದಲೇ ಸರಬರಾಜು. 1969ರಲ್ಲಿ ಇದನ್ನು ಶುರು ಮಾಡಿದ ಡ್ಯಾನ್ ಎವಿನ್ಸ್ ಪೆಟ್ರೋಲ್ ವ್ಯಾಪಾರದವನು. ಹೆದ್ದಾರಿಯಲ್ಲಿ ಹೋಗುವವರು ಊಟಕ್ಕೆ ನಿಂತರೆ ಗಾಡಿಗೂ ಒಂದಷ್ಟು ಕುಡಿಸಿಕೊಂಡು ಹೋಗುತ್ತಾರಲ್ಲ, ಆ ಲೆಕ್ಕಾಚಾರ. ಅಂದರೆ ಜನ ಕಣ್ಣೀರು ಸುರಿಸಿದ ಆ 'ಹಳ್ಳಿ' ಹುಟ್ಟಿದ್ದು ಹೆದ್ದಾರಿಯ ಇಳಿಜಾರಿನಲ್ಲಿ, ಪೆಟ್ರೋಲ್ ಬಂಕಿನ ನೆರಳಲ್ಲಿ. ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿ ಸಿಕ್ಕಿದ್ದು ಕರಿದ ಬೆಂಡೆಕಾಯಿ. ಸೊಪ್ಪಿನ ಪಲ್ಯ ಇದೆ ಅಂತ ಆಸೆಪಟ್ಟೆ, ಅದರೊಳಗೂ ಹಂದಿಮಾಂಸದ ಚೂರು ಹಾಕಿರುತ್ತಾರೆ ಅಂತ ಅಳಿಯ ಕಿವಿಯಲ್ಲಿ ಉಸುರಿದ. ಅಲ್ಲಿಗೆ ಸೊಪ್ಪಿನ ಆಸೆಗೆ ಸೊನ್ನೆ.

ಸೊಪ್ಪು ಅಂದೆನಲ್ಲ, ಅದರದ್ದೇ ಇನ್ನೊಂದು ಕಥೆ ಇದೆ. 2007ರಲ್ಲಿ ಒಬಾಮ ಇನ್ನೂ ಅಭ್ಯರ್ಥಿಯಾಗಿ ಅಯೋವಾದ ಹಳ್ಳಿಗಾಡು ಸುತ್ತುತ್ತಿದ್ದ ಕಾಲ. ರೈತರ ಕಷ್ಟ ಮಾತಾಡುತ್ತ, ಹೋಲ್ ಫುಡ್ಸ್ ಅನ್ನುವ ದುಬಾರಿ ಅಂಗಡಿಯಲ್ಲಿ ಅರುಗುಲಾ ಸೊಪ್ಪಿಗೆ ಎಷ್ಟು ದುಡ್ಡು ಕೀಳುತ್ತಾರೆ ನೋಡಿದ್ದೀರಾ ಅಂತ ಕೇಳಿಬಿಟ್ಟರು. ಪಾಪ, ಒಳ್ಳೆ ಉದ್ದೇಶದಿಂದಲೇ ಕೇಳಿದ್ದು. ಆದರೆ ಆ ಹೊತ್ತಿಗೆ ಇಡೀ ಅಯೋವಾದಲ್ಲಿ ಒಂದೇ ಒಂದು ಹೋಲ್ ಫುಡ್ಸ್ ಅಂಗಡಿ ಇರಲಿಲ್ಲ! ಪತ್ರಿಕೆಯವರು, ಎದುರಾಳಿಗಳು ಬಿಡುತ್ತಾರಾ? ಆರೋಗ್ಯ ವಿಮೆ, ಇರಾಕ್ ಯುದ್ಧ ಅಂತ ಅವರು ಆಡಿದ ಎಷ್ಟೋ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ, ಸೊಪ್ಪಿನ ಮಾತಿಗೆ ಮಾತ್ರ ಎಲ್ಲರೂ ಸೊಪ್ಪು ಹಾಕಿದರು. ಅಷ್ಟಾದರೂ ಅಯೋವಾದವರು 2008ರಲ್ಲೂ 2012ರಲ್ಲೂ ಅವರನ್ನೇ ಗೆಲ್ಲಿಸಿದರು ಅನ್ನಿ. ಆಮೇಲೆ 2016ರಿಂದ ಮೂರು ಸಲವೂ ಟ್ರಂಪ್.

ಡೇವಿಡ್ ವಾಸರ್‌ಮನ್ ಅಂತ ಚುನಾವಣೆ ಲೆಕ್ಕ ಹಾಕುವ ಪುಣ್ಯಾತ್ಮ ಒಬ್ಬನಿದ್ದಾನೆ. ಜಾತಿ ಬೇಡ, ಸಂಬಳ ಬೇಡ, ಊರಲ್ಲಿ ಯಾವ ಅಂಗಡಿ ಇದೆ ಹೇಳಿ ಸಾಕು ಅನ್ನುವ ಪೈಕಿ. 2016ರಲ್ಲಿ ಕ್ರ್ಯಾಕರ್ ಬ್ಯಾರಲ್ ಇರುವ ಕೌಂಟಿಗಳಲ್ಲಿ ನೂರಕ್ಕೆ 76ರಷ್ಟನ್ನು ಟ್ರಂಪ್ ಗೆದ್ದರಂತೆ, ಹೋಲ್ ಫುಡ್ಸ್ ಇರುವ ಕೌಂಟಿಗಳಲ್ಲಿ ಬರೀ 22ರಷ್ಟು. ಕೌಂಟಿ ಅಂದರೆ ನಮ್ಮ ಜಿಲ್ಲೆ-ತಾಲ್ಲೂಕಿನ ನಡುವಿನ ಏನೋ ಒಂದು ಅಂದುಕೊಳ್ಳಿ. ತೂಗುಕುರ್ಚಿ ಇದ್ದಲ್ಲಿ ರಿಪಬ್ಲಿಕನ್ನರ ಕೆಂಪು, ಅರುಗುಲಾ ಇದ್ದಲ್ಲಿ ಡೆಮಾಕ್ರಟರ ನೀಲಿ. ಜ್ಯೋತಿಷ್ಯಕ್ಕಿಂತ ವಾಸಿ, ಅಲ್ವಾ?

ಮಗಳು ಇರೋದು ಅದೇ ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ. ಅಮೆರಿಕಕ್ಕೆ ಹೋಗಿಬಂದವರೆಲ್ಲ ನ್ಯೂಯಾರ್ಕು, ಸ್ಯಾನ್ ಫ್ರಾನ್ಸಿಸ್ಕೋ ಅಂತ ಫೋಟೋ ತೋರಿಸಿದರೆ ನಾನು ಮುಸುಕಿನ ಜೋಳದ ಹೊಲ ತೋರಿಸಿದೆ. ಪಕ್ಕದ ಮನೆಯ ಜಯಮ್ಮನವರು ಕಾಂಪೌಂಡಿನ ಆಚೆಯಿಂದ ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸಿ, "ಇದೇನ್ರೀ, ಮಂಡ್ಯಕ್ಕೆ ಹೋಗಿದ್ರಾ?" ಅಂದರು. ಮಂಡ್ಯದಲ್ಲಿ ಅಷ್ಟು ಹಂದಿ ಎಲ್ಲಿ ಬರಬೇಕು! ಆ ರಾಜ್ಯದ ಜನಸಂಖ್ಯೆ ಸುಮಾರು 32 ಲಕ್ಷ, ಹಂದಿಗಳು 2 ಕೋಟಿಗೂ ಮೇಲೆ. ಮನುಷ್ಯರ ತಲೆಗೆ ಏಳೇಳು ಬಂದಾವು. ಸೀಡರ್ ರ‍್ಯಾಪಿಡ್ಸ್ ಊರೊಳಗೆ ಕ್ವೇಕರ್ ಓಟ್ಸಿನ ದೊಡ್ಡ ಕಾರ್ಖಾನೆ ಇದೆ. ಗಾಳಿ ಬೀಸಿದ ಕಡೆ ಒಂದು ದಿನ ಹುರಿದ ಧಾನ್ಯದ ಘಮ, ಇನ್ನೊಂದು ದಿನ ಸಿಹಿ ಬೆರ‍್ರಿಯ ಘಮ. ಊರಿನ ಅಧಿಕೃತ ಬಿರುದು 'ಐದು ಋತುಗಳ ನಗರ', ಊರಿನವರು ಹೇಳೋದು 'ಐದು ವಾಸನೆಗಳ ನಗರ' ಅಂತ.

ಊರು ಬಿಟ್ಟು ಹತ್ತು ನಿಮಿಷ ಕಾರಲ್ಲಿ ಹೋದರೆ ಸಾಕು, ಎರಡೂ ಕಡೆ ಜೋಳ. ಎದುರಿಗೆ ಒಂದು ಪಿಕಪ್ ಗಾಡಿ ಬಂತು. ಓಡಿಸುವವನು ಸ್ಟೇರಿಂಗಿನಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಮೇಲೆತ್ತಿದ. ಅಳಿಯನೂ ಎತ್ತಿದ. ಇನ್ನೊಂದು ಗಾಡಿ, ಇನ್ನೊಂದು ಬೆರಳು. "ಪರಿಚಯದವರೇನಪ್ಪಾ?" ಅಂತ ಕೇಳಿದೆ. "ಇಲ್ಲ ಅತ್ತೆ, ಇಲ್ಲಿ ಹೀಗೇ, ಎದುರಿಗೆ ಬಂದವರಿಗೆಲ್ಲ ನಮಸ್ಕಾರ" ಅಂದ. ನಮ್ಮ ಯಜಮಾನರು ಹಿಂದಿನ ಸೀಟಿನಿಂದ, "ಚಿಕಾಗೋದಲ್ಲೂ ಹೀಗೆ ಬೆರಳೆತ್ತುತ್ತಾರಾ?" ಅಂದರು. "ಎತ್ತುತ್ತಾರೆ ಮಾವ, ಆದರೆ ಬೇರೆ ಬೆರಳು." ಮಗಳು ಕಿಸಕ್ಕನೆ ನಕ್ಕಳು. ನನಗೆ ಅರ್ಥವಾಗಲು ಅರ್ಧ ಮೈಲಿ ಬೇಕಾಯಿತು.

ಮಗಳ ಊರಿನಲ್ಲೇ ಗ್ರ್ಯಾಂಟ್ ವುಡ್ ಅನ್ನುವ ಕಲಾವಿದನಿದ್ದ. 'ಅಮೆರಿಕನ್ ಗೋಥಿಕ್' ಚಿತ್ರ ನೀವು ನೋಡೇ ಇರುತ್ತೀರಿ, ಹೆಸರು ಗೊತ್ತಿರದಿದ್ದರೂ. ಕವೆಗೋಲು ಹಿಡಿದು ನಿಂತ ಬೋಳುತಲೆಯ ಮುದುಕ, ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡ ಹೆಂಗಸು, ಹಿಂದೆ ಬಿಳಿ ಮನೆ. ಅಮೆರಿಕದ ಹಳ್ಳಿ ಅಂದ ತಕ್ಷಣ ಜಗತ್ತಿಗೆಲ್ಲ ಆ ಮುಖವೇ ನೆನಪಾಗೋದು. ಆ ರೈತ ಯಾರು ಗೊತ್ತೇನ್ರೀ? ಸೀಡರ್ ರ‍್ಯಾಪಿಡ್ಸಿನ ಒಬ್ಬ ಹಲ್ಲಿನ ಡಾಕ್ಟರು! ವುಡ್‌ಗೆ ಹಲ್ಲು ನೋಡುತ್ತಿದ್ದವರು, ಡಾಕ್ಟರ್ ಮೆಕೀಬಿ. ಹೆಂಗಸು ವುಡ್‌ನ ಸ್ವಂತ ತಂಗಿ ನ್ಯಾನ್. ಇಬ್ಬರೂ ಒಟ್ಟಿಗೆ ನಿಂತವರೂ ಅಲ್ಲ, ಎಲ್ಡನ್ ಊರಿನ ಆ ಮನೆ ಮುಂದೆ ನಿಂತವರೂ ಅಲ್ಲ. ಬೇರೆ ಬೇರೆಯಾಗಿ ಕೂರಿಸಿ ಬರೆದದ್ದು. 1930ರಲ್ಲಿ ಚಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನವರು 300 ಡಾಲರ್ ಬಹುಮಾನ ಕೊಟ್ಟು, ಚಿತ್ರವನ್ನು ಇಟ್ಟುಕೊಂಡರು. ಈಗಲೂ ಅಲ್ಲೇ ಇದೆ. ಪತ್ರಿಕೆಯಲ್ಲಿ ಅದು ಅಚ್ಚಾದಾಗ ಅಯೋವಾದ ರೈತರ ಹೆಂಡಿರು ಉರಿದುಬಿದ್ದರು. ನಾವೇನು ಹೀಗಿದ್ದೀವಾ, ನಮ್ಮ ಮುಖ ಹಾಲು ಹುಳಿಯಾಗುವಂತಿದೆಯಾ, ಪಟ್ಟಣದವರ ಎದುರು ನಮ್ಮನ್ನು ಆಡಿಕೊಳ್ಳೋಕೆ ಬರೆದದ್ದು ಅಂತ. ವುಡ್, ನಾನು ಆಡಿಕೊಂಡಿಲ್ಲಪ್ಪಾ ಅಂತ ಹೇಳಿ ಹೇಳಿ ಸಾಕಾದ. ಆಡಿಕೊಂಡನೋ ಇಲ್ಲವೋ, ಇವತ್ತಿಗೂ ವಾದ ಮುಗಿದಿಲ್ಲ.

ನನ್ನ ಕೇಳಿದರೆ ಅಲ್ಲಿನ ಹಳ್ಳಿ-ಪಟ್ಟಣದ ಜಗಳದ ಬುಡ ಇಲ್ಲೇ ಇದೆ. ಬಂದೂಕು, ಗರ್ಭಪಾತ, ತೆರಿಗೆ, ವಲಸೆ, ಎಲ್ಲ ಇದ್ದದ್ದೇ, ಇಲ್ಲ ಅನ್ನೋದಿಲ್ಲ. ಆದರೆ ಯಾರು ಯಾರನ್ನು ನೋಡಿ ನಗುತ್ತಿದ್ದಾರೆ ಅನ್ನುವ ಸಂಕಟವಿದೆಯಲ್ಲ, ಅದು ಮಿಕ್ಕ ಎಲ್ಲದಕ್ಕೂ ಉಪ್ಪು ಖಾರ ಹಚ್ಚುತ್ತದೆ.

ಅವರ ಟೀವಿಯ ಕಥೆಯನ್ನೇ ತಗೊಳ್ಳಿ. ಅರವತ್ತರ ದಶಕದಲ್ಲಿ ಸಿಬಿಎಸ್ ವಾಹಿನಿ ತುಂಬ ಹಳ್ಳಿ ಧಾರಾವಾಹಿಗಳು. 'ಬೆವರ್ಲಿ ಹಿಲ್‌ಬಿಲ್ಲೀಸ್' ಅಂತ, ಗುಡ್ಡಗಾಡಿನ ಕುಟುಂಬಕ್ಕೆ ಎಣ್ಣೆ ಬಾವಿ ಸಿಕ್ಕಿ ಸಿರಿವಂತರ ಬೀದಿಗೆ ಬರೋದು. 'ಗ್ರೀನ್ ಏಕರ್ಸ್' ಅಂತ, ನ್ಯೂಯಾರ್ಕಿನ ವಕೀಲ ಹೆಂಡತಿಯನ್ನು ಎಳೆದುಕೊಂಡು ಹಳ್ಳಿಗೆ ಹೋಗಿ ಕೋಟು ಹಾಕಿಕೊಂಡೇ ಉಳೋದು. ಅದರಲ್ಲಿ ಆರ್ನಾಲ್ಡ್ ಅನ್ನುವ ಹಂದಿ ಇತ್ತು. ಮಕ್ಕಳಿಲ್ಲದ ದಂಪತಿ ಅದನ್ನು ಮಗನಂತೆ ಸಾಕಿದ್ದರು. ಶಾಲೆಗೆ ಹೋಗುತ್ತಿತ್ತು, ಮನೆಗೆ ಬಂದು ಟೀವಿ ನೋಡುತ್ತಿತ್ತು. ಜನ ಬಿದ್ದು ಬಿದ್ದು ನೋಡಿದರು. ಆದರೆ ಜಾಹೀರಾತಿನವರು, ಈ ಮುದುಕರು, ಹಳ್ಳಿಯವರು ನೋಡಿದರೆಷ್ಟು ಬಿಟ್ಟರೆಷ್ಟು, ನಮಗೆ ಪಟ್ಟಣದ ಹರೆಯದವರು ಬೇಕು ಅಂದರು. 1971ರಲ್ಲಿ ವಾಹಿನಿ ಇಂಥ ಧಾರಾವಾಹಿಗಳನ್ನೆಲ್ಲ ಒಂದೇ ಏಟಿಗೆ ಕಿತ್ತುಹಾಕಿತು. ಮರ ಕಾಣಿಸಿದ ಕಾರ್ಯಕ್ರಮವನ್ನೆಲ್ಲ ಕಡಿದರು ಅಂತ 'ಗ್ರೀನ್ ಏಕರ್ಸ್'ನ ನಟ ಪ್ಯಾಟ್ ಬಟ್ರಮ್ ಗೊಣಗಿದ್ದ. ಆ ಧಾರಾವಾಹಿಗಳಲ್ಲಿ ಹಳ್ಳಿಯವರನ್ನು ಪೆದ್ದರನ್ನಾಗಿ ತೋರಿಸಿದ್ದರು ನಿಜ. ಹಾಗಂತ ಪೂರ್ತಿ ತೋರಿಸದೆ ಇದ್ದರೆ ಅದೇನು ಮರ್ಯಾದೆಯೇ?

ಅದಕ್ಕಿಂತ ಹಿಂದೆ ಹೋದರೆ ಗಡಿಯಾರದ ಜಗಳ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರಲ್ಲ, ಅದು ರೈತರಿಗೋಸ್ಕರ ಮಾಡಿದ್ದು ಅಂತ ಅಲ್ಲಿನವರಲ್ಲೇ ಎಷ್ಟೋ ಜನ ನಂಬಿದ್ದಾರೆ. ಪೂರಾ ಉಲ್ಟಾ! 1918ರಲ್ಲಿ ಯುದ್ಧದ ಕಾಲದ ಉಳಿತಾಯ ಅಂತ ತಂದಾಗ ರೈತರು ಸಿಡಿದೆದ್ದರು. ಹುಲ್ಲಿನ ಮೇಲಿನ ಇಬ್ಬನಿ ಗಡಿಯಾರ ನೋಡಿ ಆರುತ್ತದೆಯೇ? ಹಸು ಗಂಟೆ ಕೇಳಿ ಹಾಲು ಇಳಿಸುತ್ತದೆಯೇ? ಕೂಲಿಯವರು ಮಾತ್ರ ಗಡಿಯಾರ ನೋಡಿಕೊಂಡು ಮನೆಗೆ ಹೊರಟುಬಿಡುತ್ತಿದ್ದರು. 1919ರಲ್ಲಿ ಅಧ್ಯಕ್ಷ ವಿಲ್ಸನ್ ಬೇಡ ಬೇಡ ಅಂದರೂ ಸಂಸತ್ತು ಆ ಕಾನೂನನ್ನು ತೆಗೆದುಹಾಕಿತು. ನ್ಯೂಯಾರ್ಕ್ ನಗರದವರು, ನೀವು ಬಿಟ್ಟರೆ ಬಿಡಿ, ನಾವು ಇಟ್ಟುಕೊಳ್ಳುತ್ತೇವೆ ಅಂತ ತಮ್ಮ ಪಾಡಿಗೆ ಮುಳ್ಳು ತಿರುಗಿಸಿಕೊಂಡರು. ಮರುವರ್ಷ, 1920ರ ಜನಗಣತಿಯಲ್ಲಿ ಮೊದಲ ಸಲ ಪಟ್ಟಣದವರ ಸಂಖ್ಯೆ ಅರ್ಧ ದಾಟಿತು, ನೂರಕ್ಕೆ 51. ಆಗ 2,500 ಜನ ಇದ್ದರೆ ಸಾಕು, ಪಟ್ಟಣ. ಜನಗಣತಿ ಆದಮೇಲೆ ಸೀಟು ಮರುಹಂಚಿಕೆ ಮಾಡಬೇಕು ಅಂತ ಸಂವಿಧಾನದಲ್ಲಿದೆ. ಹಳ್ಳಿ ಕಡೆಯ ಸದಸ್ಯರು ಮಾಡಗೊಡಲೇ ಇಲ್ಲ. ಆ ದಶಕ ಪೂರ್ತಿ ಹಳೆ ಲೆಕ್ಕದಲ್ಲೇ ಕಳೆಯಿತು. ಅಮೆರಿಕದ ಇತಿಹಾಸದಲ್ಲಿ ಹಾಗಾದದ್ದು ಅದೊಂದೇ ಸಲ.

ತಮಾಷೆ ಅಂದರೆ, ಆಗೆಲ್ಲ ಪಕ್ಷಗಳು ಹೀಗೆ ಗೆರೆ ಕೊಯ್ದ ಹಾಗೆ ಬೇರೆಯಾಗಿರಲಿಲ್ಲ. 1896ರಲ್ಲಿ, ನಗರಗಳನ್ನು ಸುಟ್ಟರೂ ಮತ್ತೆ ಎದ್ದಾವು, ಹೊಲಗಳನ್ನು ಹಾಳು ಮಾಡಿದರೆ ನಗರದ ಬೀದಿಗಳಲ್ಲಿ ಹುಲ್ಲು ಬೆಳೆದೀತು ಅನ್ನುವ ಅರ್ಥದಲ್ಲಿ ಗುಡುಗಿದ ನೆಬ್ರಾಸ್ಕಾದ ಬ್ರಯಾನ್ ಅನ್ನುವ ಮುಖಂಡ ಇದ್ದನಲ್ಲ, ಅವನು ಡೆಮಾಕ್ರಟ್! ವರ್ಮಾಂಟ್ ರಾಜ್ಯ 1856ರಿಂದ 1960ರವರೆಗೆ ಒಂದು ಸಲವೂ ತಪ್ಪದೆ ರಿಪಬ್ಲಿಕನ್ನರಿಗೆ ಓಟು ಹಾಕಿತು. ಈಗ ಅದು ಸೆನೆಟರ್ ಬರ್ನಿ ಸ್ಯಾಂಡರ್ಸ್ ಊರು, ಅಪ್ಪಟ ನೀಲಿ, ಆದರೂ ಅಪ್ಪಟ ಹಳ್ಳಿ. ಕೆಂಪು-ನೀಲಿ ಬಣ್ಣವೂ ಮೊನ್ನೆ ಮೊನ್ನೆಯದು. 1980ರಲ್ಲಿ ಎನ್‌ಬಿಸಿ ವಾಹಿನಿ ರೇಗನ್ ಗೆದ್ದ ರಾಜ್ಯಗಳಿಗೆ ನೀಲಿ ಬಳಿದಿತ್ತು. 2000ದಲ್ಲಿ ಫ್ಲಾರಿಡಾದ ಎಣಿಕೆ ವಾರಗಟ್ಟಲೆ ಎಳೆದಾಡಿತಲ್ಲ, ಅಷ್ಟು ದಿನ ಒಂದೇ ನಕ್ಷೆ ನೋಡಿ ನೋಡಿ ಜನರ ಕಣ್ಣಿಗೆ ಬಣ್ಣ ಅಂಟಿಕೊಂಡಿತು.

1996ರಲ್ಲಿ ಬಿಲ್ ಕ್ಲಿಂಟನ್ ಗೆದ್ದ ಕೌಂಟಿಗಳು 1,500ಕ್ಕೂ ಹೆಚ್ಚು, ದೇಶದ ಸುಮಾರು ಅರ್ಧ. 2020ರಲ್ಲಿ ಬೈಡನ್ ಗೆದ್ದದ್ದು 500 ಚಿಲ್ಲರೆ. ಓಟು ಮಾತ್ರ ಅದುವರೆಗಿನ ಯಾವ ಅಭ್ಯರ್ಥಿಗಿಂತಲೂ ಹೆಚ್ಚು, 8 ಕೋಟಿ ದಾಟಿತು. ಅಯೋವಾದ 99 ಕೌಂಟಿಗಳಲ್ಲಿ ಅವರಿಗೆ ಬಂದದ್ದು 6, ಅದರಲ್ಲಿ ನಮ್ಮ ಮಗಳ ಊರಿನದೂ ಒಂದು. ನಕ್ಷೆ ನೋಡಿದರೆ ಕೆಂಪೋ ಕೆಂಪು, ಅಲ್ಲಲ್ಲಿ ಶಾಯಿ ಚೆಲ್ಲಿದಷ್ಟು ನೀಲಿ. ಒಬ್ಬರು ಆ ನಕ್ಷೆ ತೋರಿಸಿ ದೇಶವೆಲ್ಲ ನಮ್ಮದು ಅಂತಾರೆ, ಇನ್ನೊಬ್ಬರು ನೆಲಕ್ಕೆ ಓಟಿಲ್ಲ ಕಣ್ರೀ, ಜನಕ್ಕೆ ಅಂತಾರೆ. ಅದೂ ಪೂರ್ತಿ ನಿಜವಲ್ಲ ನೋಡಿ. ಜನಕ್ಕಿಂತ ದನವೇ ಹೆಚ್ಚಿರುವ ವಯೋಮಿಂಗ್ ರಾಜ್ಯದಲ್ಲಿ 2020ರ ಜನಗಣತಿಯ ಲೆಕ್ಕಕ್ಕೆ ಇದ್ದದ್ದು 5.77 ಲಕ್ಷ ಜನ, ಕ್ಯಾಲಿಫೋರ್ನಿಯಾದಲ್ಲಿ 3.95 ಕೋಟಿ. ಸೆನೆಟ್ಟಿನಲ್ಲಿ ಇಬ್ಬರಿಗೂ ಎರಡೆರಡೇ ಸೀಟು. ಅಲ್ಲಿಗೆ ಒಬ್ಬ ವಯೋಮಿಂಗಿನವನ ಎದುರು 68 ಜನ ಕ್ಯಾಲಿಫೋರ್ನಿಯಾದವರನ್ನು ಕೂರಿಸಿದರೆ ತಕ್ಕಡಿ ಸಮ. ಅಧ್ಯಕ್ಷರ ಆಯ್ಕೆಯೂ ರಾಜ್ಯವಾರು ಲೆಕ್ಕದಲ್ಲೇ, ಹಾಗಾಗಿ 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಸುಮಾರು 29 ಲಕ್ಷ ಓಟು ಹೆಚ್ಚು ಬಂದರೂ ಕುರ್ಚಿ ಸಿಗಲಿಲ್ಲ. ಪಟ್ಟಣದವರ ಹೊಟ್ಟೆ ಉರಿಯದೆ ಇರುತ್ತದೆಯೇ? ದೇಶದ ಸಂಪಾದನೆಯ ಸುಮಾರು ಮೂರರಲ್ಲಿ ಎರಡು ಪಾಲು ಆಗ ಬರುತ್ತಿದ್ದದ್ದು ಆಕೆ ಗೆದ್ದ ಐನೂರಕ್ಕೂ ಕಡಿಮೆ ಕೌಂಟಿಗಳಿಂದ. ದುಡಿಯೋದು ನಾವು, ಯಜಮಾನಿಕೆ ಅವರದ್ದಾ ಅಂತ ಅವರೂ ಕೇಳುತ್ತಾರೆ. ನ್ಯಾಯವೇ.

ಈ ಹಳ್ಳಿಯವರ ಮನಸ್ಸಲ್ಲಿ ಏನಿದೆ ಅಂತ ತಿಳಿಯಲು ಕ್ಯಾಥರೀನ್ ಕ್ರೇಮರ್ ಅನ್ನುವ ಪ್ರೊಫೆಸರಮ್ಮ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು, ಮ್ಯಾಡಿಸನ್ ನಗರದಲ್ಲಿ ಪಾಠ. ಪ್ರಶ್ನಾವಳಿ ಹಂಚಲಿಲ್ಲ, ಫೋನ್ ಮಾಡಿ ಒಂದು ಒತ್ತಿ ಎರಡು ಒತ್ತಿ ಅನ್ನಲಿಲ್ಲ. 2007ರಿಂದ ಕಾರು ಹತ್ತಿ ಹಳ್ಳಿ ಹಳ್ಳಿಗೆ ಹೋಗಿ, ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲೋ ಕಾಫಿ ಅಂಗಡಿಯಲ್ಲೋ ಕೂಡುವ ಮುದುಕರ ಗುಂಪಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ನಾನೂ ಕೂರಬಹುದಾ ಅಂತ ಕೇಳಿ, ಅವರ ಹರಟೆ ಕೇಳೋದು. ಹರಟೆಯಿಂದಲೇ ಒಂದು ಪುಸ್ತಕವಾಯಿತು, 2016ರಲ್ಲಿ ಬಂತು. ನಾವೂ ನೀವೂ ಇಷ್ಟು ವರ್ಷ ಕಾಂಪೌಂಡು ಹಿಡಿದು ನಿಂತಿದ್ದಕ್ಕೆ ಯಾರು ಡಾಕ್ಟರೇಟ್ ಕೊಟ್ಟರು ಹೇಳಿ!

ಆಕೆ ಕೇಳಿಸಿಕೊಂಡದ್ದು ಮೂರು ದೂರು. ನಮ್ಮನ್ನು ಕೇಳದೆ ರಾಜಧಾನಿ ಮ್ಯಾಡಿಸನ್ನಿನಲ್ಲಿ ಎಲ್ಲ ತೀರ್ಮಾನ ಆಗುತ್ತದೆ. ನಮ್ಮ ತೆರಿಗೆ ಹೀರಿಕೊಳ್ಳುತ್ತಾರೆ, ವಾಪಸು ಏನೂ ಬರೋದಿಲ್ಲ. ಎಲ್ಲಕ್ಕಿಂತ ಮುಖ್ಯ, ನಾವು ಅಂದರೆ ಅವರಿಗೆ ಸಸಾರ. ಎರಡನೆಯದನ್ನು ಆಕೆ ಲೆಕ್ಕ ಹಾಕಿಯೂ ನೋಡಿದರು. ತಲಾವಾರು ನೋಡಿದರೆ ಹಳ್ಳಿಗಳಿಗೆ ಹೋಗುವ ಸರ್ಕಾರಿ ದುಡ್ಡು ಅಂಥ ಕಡಿಮೆಯೇನಿಲ್ಲ. ಹಾಗಂತ ಆ ಮುದುಕರ ಮುಂದೆ ಲೆಕ್ಕದ ಹಾಳೆ ಹಿಡಿದರೆ ಒಪ್ಪುತ್ತಾರಾ? ಮುಖ್ಯರಸ್ತೆಯ ಅಂಗಡಿಗಳಿಗೆ ಬೀಗ ಬಿದ್ದಿದೆ, ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸಿದ್ದಾರೆ, ಓದಿದ ಮಕ್ಕಳು ಊರು ಬಿಟ್ಟಿದ್ದಾರೆ. ಇದು ಕಣ್ಣೆದುರಿನ ಲೆಕ್ಕ. ಊರಲ್ಲಿ ಒಳ್ಳೆ ಆರೋಗ್ಯ ವಿಮೆ, ಪಿಂಚಣಿ ಇರೋದು ಯಾರಿಗೆ ಅಂದರೆ ಶಾಲೆ ಮೇಷ್ಟರಿಗೆ, ಸರ್ಕಾರಿ ನೌಕರರಿಗೆ. ದಿನವಿಡೀ ಮರ ಕಡಿದು ಸೊಂಟ ಮುರಿದುಕೊಂಡವನಿಗೆ ಅವರನ್ನು ನೋಡಿದರೆ ಏನನ್ನಿಸಬೇಡ? 2011ರಲ್ಲಿ ಗವರ್ನರ್ ಸ್ಕಾಟ್ ವಾಕರ್ ಸರ್ಕಾರಿ ನೌಕರರ ಸಂಘಗಳ ರೆಕ್ಕೆ ಕತ್ತರಿಸಿದಾಗ ಮ್ಯಾಡಿಸನ್ನಿನಲ್ಲಿ ಭಾರಿ ಪ್ರತಿಭಟನೆ, ಹಳ್ಳಿಗಳಲ್ಲಿ ಆ ಸಿಟ್ಟು ವಾಕರ್‌ಗೆ ಓಟಾಯಿತು.

ಸಿಟ್ಟನ್ನು ಚೆನ್ನಾಗಿ ತೀರಿಸಿಕೊಂಡವರೆಂದರೆ ಜೆಫರ್ಸನ್ ರಾಜ್ಯದವರು. ಅಂಥ ರಾಜ್ಯವೇ ಇಲ್ಲ, ಹುಡುಕಬೇಡಿ. 1941ರಲ್ಲಿ ಕ್ಯಾಲಿಫೋರ್ನಿಯಾದ ಉತ್ತರ ತುದಿ, ಆರೆಗಾನ್‌ನ ದಕ್ಷಿಣ ತುದಿಯವರು ನಮ್ಮ ರಸ್ತೆ ಯಾರೂ ಮಾಡಿಕೊಡೋದಿಲ್ಲ, ನಾವೇ ಬೇರೆ ರಾಜ್ಯ ಮಾಡಿಕೊಳ್ಳುತ್ತೇವೆ ಅಂತ ಹೊರಟರು. ಚಿನ್ನ ಜಾಲಿಸುವ ತಟ್ಟೆಯ ಮೇಲೆ ಎರಡು ಎಕ್ಸ್ ಗುರುತು ಬರೆದು ರಾಜಮುದ್ರೆ ಮಾಡಿಕೊಂಡರು. ಎರಡೂ ರಾಜಧಾನಿಗಳು ನಮಗೆ ಕೈಕೊಟ್ಟವು ಅಂತ ಅರ್ಥ. ವೈರೀಕಾ ಊರಿನ ಹತ್ತಿರ ಬೇಟೆ ಬಂದೂಕು ಹಿಡಿದು ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಕರಪತ್ರ ಹಂಚಿದರು. ಮುಂದಿನ ಸೂಚನೆಯವರೆಗೆ ಪ್ರತಿ ಗುರುವಾರ ನಾವು ಪ್ರತ್ಯೇಕವಾಗುತ್ತೇವೆ ಅಂತ ಅದರಲ್ಲಿತ್ತು! ಪ್ರತಿ ಗುರುವಾರ, ಗೊತ್ತಾಯ್ತಾ? ಶುಕ್ರವಾರ ಮತ್ತೆ ಅಮೆರಿಕನ್ನರೇ. ನಾವು ಗುರುವಾರ ಒಪ್ಪತ್ತು ಮಾಡಿ ಶುಕ್ರವಾರ ಒಬ್ಬಟ್ಟು ತಟ್ಟುವಂಥ ನೇಮ. ಡಿಸೆಂಬರ್ 4ರಂದು ಪಂಜಿನ ಮೆರವಣಿಗೆ ಮಾಡಿ ಗವರ್ನರನನ್ನೂ ಕೂರಿಸಿದರು, ಸಿನಿಮಾದವರು ಬಂದು ಚಿತ್ರ ತೆಗೆದರು. 7ನೇ ತಾರೀಖು ಜಪಾನು ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಎಲ್ಲರೂ ಕರಪತ್ರ ಮಡಿಚಿಟ್ಟು ಯುದ್ಧಕ್ಕೆ ಹೋದರು. ಈ ಗುರುವಾರದ ಬಂಡಾಯವನ್ನು ವರದಿ ಮಾಡಿದ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಕರ್ತನಿಗೆ ಮಾತ್ರ ಪುಲಿಟ್ಜರ್ ಬಂತು. ಹಳ್ಳಿಯವರ ಜಗಳದಲ್ಲಿ ಬಹುಮಾನ ಹೊಡೆದದ್ದೂ ಪಟ್ಟಣದವನೇ ನೋಡಿ.

ಹಳ್ಳಿಯವರು ಹಳ್ಳಿಯವರು ಅಂತ ಒಂದೇ ಬುಟ್ಟಿಗೆ ಹಾಕಿ ಮಾತಾಡುವುದೂ ತಪ್ಪೇ. ಅಲ್ಲಿನ ಹಳ್ಳಿಗಾಡಿನಲ್ಲಿ ಸರಿಸುಮಾರು ನಾಲ್ಕರಲ್ಲೊಬ್ಬರು ಬಿಳಿಯರಲ್ಲ. ಅಲಬಾಮಾದ ಹತ್ತಿ ಸೀಮೆಯ ಕರಿಯರ ಹಳ್ಳಿಗಳು, ಡಕೋಟಾದ ಮೂಲನಿವಾಸಿಗಳ ಊರುಗಳು ನೀಲಿಗೇ ಓಟು ಹಾಕುತ್ತವೆ. ಮಗಳ ಊರಿನಿಂದ ಉತ್ತರಕ್ಕೆ ಹೋದರೆ ಪೋಸ್ಟ್‌ವಿಲ್ ಅಂತ ಸಿಗುತ್ತದೆ, ಎರಡು ಸಾವಿರ ಚಿಲ್ಲರೆ ಜನ. 1987ರಲ್ಲಿ ಬ್ರೂಕ್ಲಿನ್‌ನ ಯೆಹೂದ್ಯರು ಅಲ್ಲಿನ ಮಾಂಸದ ಕಾರ್ಖಾನೆ ಕೊಂಡುಕೊಂಡರು. ಕಪ್ಪು ಟೋಪಿ, ಉದ್ದ ಗಡ್ಡದವರು ಜೋಳದ ಹೊಲದ ನಡುವೆ ಬಂದು ನೆಲೆಸಿದರು. ಪಕ್ಕದ ಮನೆಯವರು ಹುಲ್ಲು ಕತ್ತರಿಸೋದಿಲ್ಲ ಅಂತ ಲುಥೆರನ್ ಅಜ್ಜಿಯರು ಮೂಗು ಮುರಿದರು. ಆಮೇಲೆ ಕೆಲಸಕ್ಕೆ ಗ್ವಾಟೆಮಾಲಾದವರು ಬಂದರು. 2008ರ ಮೇನಲ್ಲಿ ಒಂದು ಬೆಳಗ್ಗೆ ವಲಸೆ ಇಲಾಖೆಯ ಅಧಿಕಾರಿಗಳು ಕಾರ್ಖಾನೆಗೆ ನುಗ್ಗಿ 389 ಜನರನ್ನು ಹಿಡಿದು, ವಾಟರ್ಲೂ ಊರಿನ ದನದ ಜಾತ್ರೆಯ ಮೈದಾನಕ್ಕೆ ಸಾಗಿಸಿದರು. ಅಲ್ಲೇ ವಿಚಾರಣೆ, ಅಲ್ಲೇ ಶಿಕ್ಷೆ. ಊರಿನ ದೊಡ್ಡ ಪಾಲು ಖಾಲಿಯಾಯಿತು. ಮಗಳು ಅದನ್ನು ಹೇಳುವಾಗ ನಮಗೆ ಯಾರಿಗೂ ಮಾತು ಬರಲಿಲ್ಲ.

ಇಷ್ಟೆಲ್ಲ ಹಗೆತನವಿದ್ದರೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯೋದಿಲ್ಲ. ರೈತರಿಗೆ ಸಹಾಯಧನ ಕೊಡುವ ಫಾರ್ಮ್ ಬಿಲ್ ಅಂತ ಒಂದು ಕಾನೂನು, ಐದು ವರ್ಷಕ್ಕೋ ಎಷ್ಟಕ್ಕೋ ಹೊಸದು ಮಾಡಬೇಕು. ರೈತರ ಸಂಖ್ಯೆ ಇಳಿಯುತ್ತ ಹೋದಾಗ ಅದಕ್ಕೆ ಓಟು ಎಲ್ಲಿಂದ ಬರಬೇಕು? 1973ರಲ್ಲಿ ಬಡವರಿಗೆ ಕೊಡುವ ಆಹಾರದ ಕೂಪನ್ನನ್ನೂ ಅದಕ್ಕೇ ಗಂಟು ಹಾಕಿದರು. ನಮ್ಮ ಗೋಧಿಗೆ ನೀವು ಕೈ ಎತ್ತಿ, ನಿಮ್ಮ ಕೂಪನ್ನಿಗೆ ನಾವು ಕೈ ಎತ್ತುತ್ತೇವೆ. ಕ್ಯಾನ್ಸಸ್‌ನ ರಿಪಬ್ಲಿಕನ್ ಬಾಬ್ ಡೋಲ್, ದಕ್ಷಿಣ ಡಕೋಟಾದ ಡೆಮಾಕ್ರಟ್ ಮೆಕ್‌ಗವರ್ನ್ ಇಬ್ಬರೂ ಕೂಪನ್ನಿನ ವಿಷಯದಲ್ಲಿ ಜೋಡೆತ್ತು. ಈಗ ಆ ಕಾನೂನಿನ ಖರ್ಚಿನಲ್ಲಿ ಬಹುಪಾಲು ಕೂಪನ್ನಿಗೇ ಹೋಗುತ್ತದೆ. ಪಟ್ಟಣದವರಷ್ಟೇ ತಿನ್ನುತ್ತಾರೆ ಅಂದುಕೊಳ್ಳಬೇಡಿ, ಹಳ್ಳಿಗಾಡಿನಲ್ಲೂ ಅದನ್ನು ನಂಬಿಕೊಂಡ ಮನೆಗಳು ಬೇಕಾದಷ್ಟಿವೆ.

ಗೊರೂರರು ಹೇಮಾವತಿ ದಂಡೆಯಿಂದ ಹೋಗಿ 'ಅಮೆರಿಕದಲ್ಲಿ ಗೊರೂರು' ಬರೆದು ಅಕಾಡೆಮಿ ಬಹುಮಾನ ತಗೊಂಡರು. ಈಗ ಅಮೆರಿಕದ ಗೊರೂರುಗಳಲ್ಲೇ ನಮ್ಮವರಿದ್ದಾರೆ. 2010ರಿಂದೀಚೆಗೆ ಅಲ್ಲಿ ನೂರಕ್ಕೂ ಹೆಚ್ಚು ಹಳ್ಳಿ ಆಸ್ಪತ್ರೆ ಮುಚ್ಚಿವೆ. ಉಳಿದವಕ್ಕೂ ಹೋಗಲು ಅಲ್ಲಿನ ಡಾಕ್ಟರುಗಳೇ ಒಲ್ಲರು. ಡಾಕ್ಟರುಗಳ ಈ ಕೊರತೆ ಹಳೆಯದೇ, ಅದಕ್ಕೆ ಉತ್ತರ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ 1994ರಲ್ಲೇ ಒಂದು ದಾರಿ ಮಾಡಿದ್ದರು. ಹೊರದೇಶದಿಂದ ಬಂದು ಅಲ್ಲಿ ತರಬೇತಿ ಮುಗಿಸಿದ ಡಾಕ್ಟರು ಮೂರು ವರ್ಷ ಡಾಕ್ಟರಿಲ್ಲದ ಕಡೆ ದುಡಿದರೆ, ಊರಿಗೆ ವಾಪಸು ಹೋಗಬೇಕಿಲ್ಲ. ರಾಜ್ಯಕ್ಕೆ ವರ್ಷಕ್ಕೆ ಮೂವತ್ತು ಜನ. ಮೈಸೂರಲ್ಲೋ ದಾವಣಗೆರೆಯಲ್ಲೋ ಓದಿದವರು ಹೆಸರೇ ಕೇಳಿರದ ಊರುಗಳಲ್ಲಿ ಕೂತು ಬಿಪಿ ನೋಡುತ್ತಿರೋದು ಹೀಗೆ. ಆ ಊರಿನವರು ವಲಸೆಯವರು ಬೇಡ ಅಂತ ಓಟು ಹಾಕಿ, ಮಧ್ಯಾಹ್ನ ಅವರ ಹತ್ತಿರವೇ ಎದೆ ತೋರಿಸಿಕೊಳ್ಳಲು ಬರುತ್ತಾರೆ. ನೀನು ವಲಸೆಯವನಲ್ಲ ಬಿಡು, ನೀನು ನಮ್ಮ ಡಾಕ್ಟರು ಅಂತಾರಂತೆ.

ಜಯಮ್ಮನವರ ಅಕ್ಕನ ಮಗನೂ ಇಂಥ ಒಂದು ಊರಲ್ಲೇ ಇರೋದು. ಮೊದಲ ವರ್ಷ ರೋಗಿಗಳು ಪ್ರೀತಿಯಿಂದ ಜಿಂಕೆ ಮಾಂಸದ ಪೊಟ್ಟಣ ತಂದುಕೊಡುತ್ತಿದ್ದರಂತೆ, ತಾವೇ ಬೇಟೆಯಾಡಿದ್ದು. ಬೇಡ ಅನ್ನಲು ಬಾಯಿ ಬರದೆ ತಗೊಂಡು ನರ್ಸಮ್ಮನಿಗೆ ದಾಟಿಸುತ್ತಿದ್ದ. ಆಕೆ ಎಷ್ಟು ದಿನ ಗುಟ್ಟು ಕಾಪಾಡಿಯಾಳು? ಈಗ ಜಿಂಕೆ ನಿಂತಿದೆ, ಜುಕಿನಿ ಶುರುವಾಗಿದೆ. ಹೀರೇಕಾಯಿ ಗಾತ್ರದಲ್ಲಿ ಶುರುವಾಗಿ ಬೂದುಗುಂಬಳದ ಗಾತ್ರಕ್ಕೆ ಹೋಗುತ್ತದೆಯಂತೆ ಅದು. ಆಗಸ್ಟ್ ಬಂತೆಂದರೆ ಎಲ್ಲರ ಹಿತ್ತಲಲ್ಲೂ ಬೆಳೆದು ಬಿದ್ದಿರುತ್ತದೆ, ಕೊಡೋಣ ಅಂದರೆ ತಗೊಳ್ಳುವವರೇ ಇಲ್ಲ. ಆ ಊರಲ್ಲಿ ವರ್ಷವಿಡೀ ಯಾರೂ ಕಾರಿಗೆ ಬೀಗ ಹಾಕೋದಿಲ್ಲ, ಆಗಸ್ಟಿನಲ್ಲಿ ಮಾತ್ರ ಹಾಕುತ್ತಾರೆ. ಹಾಕದೆ ಇದ್ದರೆ ಹಿಂದಿನ ಸೀಟಿನಲ್ಲಿ ಯಾರೋ ಜುಕಿನಿ ತುಂಬಿಸಿಟ್ಟು ಹೋಗಿರುತ್ತಾರೆ. "ನಮ್ಮ ಹುಡುಗನೂ ಈಗ ಆಗಸ್ಟಿನಲ್ಲಿ ಬೀಗ ಹಾಕೋದು ಕಲಿತಿದ್ದಾನೆ ಕಣ್ರೀ" ಅಂದರು ಜಯಮ್ಮ. "ಆದರೂ ಮೊನ್ನೆ ಕಿಟಕಿ ಸ್ವಲ್ಪ ಇಳಿಸಿದ್ದನಂತೆ. ಅಷ್ಟು ಸಂದಿ ಸಾಕಾಯ್ತು. ಮೂರು ದಿನದಿಂದ ಜುಕಿನಿ ಹುಳಿನೇ ಅಂತೆ."